ಶೀಪ್ಸ್ ಎಂದವಳಿಗೆ ದೋಸೆ ಇಲ್ಲ

ಡಮ್ ಡಮ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನೇ ದೋಸೆ ಹುಯ್ದರೂ, ಕಾವಲಿಯ ವಾಸನೆಗೆ ನನಗೆ ಬಾಯಲ್ಲಿ ನೀರೂರುವುದಿಲ್ಲ. ಸಿಟ್ಟು ಬರುತ್ತದೆ.

ಚಿಕ್ಕವಳಿದ್ದಾಗ, ಬಾರಾನಗರದ ಮನೆಯಲ್ಲಿ, ಭಾನುವಾರದ ದೋಸೆ ಬಡಿಸುವವರು ಅಪ್ಪ. ಕಾಲೇಜು ಮೇಷ್ಟರು. ಸಟ್ಟುಗದ ಮೇಲೆ ದೋಸೆ ಹಿಡಿದು, "ಒಂದು ಆಕ್ಸ್. ಎರಡಿದ್ರೆ?" ಎಂದು ಇಂಗ್ಲಿಷ್ ಬಹುವಚನ ಕೇಳುತ್ತಿದ್ದರು. ಆಕ್ಸನ್ ಎಂದ ಅಣ್ಣನಿಗೆ ದೋಸೆ, ಶೀಪ್‌ಗೆ ಶೀಪ್ಸ್ ಎಂದ ನನಗೆ ಖಾಲಿ ತಟ್ಟೆ. ಪಕ್ಕದ ಮನೆಯ ಬಂಗಾಳಿ ಮಕ್ಕಳು ಅಷ್ಟರಲ್ಲಿ ಪೂರಿಯಂಥ ಲೂಚಿ ತಿಂದು ಆಟಕ್ಕಿಳಿದಿರುತ್ತಿದ್ದರು. ಒಂದು ಕುರಿಗೂ ಇಡೀ ಹಿಂಡಿಗೂ ಒಂದೇ ಹೆಸರಿಟ್ಟವರು ಯಾರೋ, ಹಸಿದು ಕೂತವಳು ನಾನು.

ಒಂದು ಭಾನುವಾರ ನನ್ನ ಪಾಲಿನದೆಲ್ಲ ಅಣ್ಣನ ತಟ್ಟೆಗೆ ಹೋಯಿತು. ಅಮ್ಮ ಸಟ್ಟುಗ ಕಿತ್ತುಕೊಂಡು ನನಗೆ ಬಡಿಸಿದಳು.

"ನಾನು ಹುಯ್ಯೋದು ಹಸಿದೋರಿಗೆ, ಗೆದ್ದೋರಿಗಲ್ಲ," ಎಂದವಳೇ ಒಲೆ ಆರಿಸಿಬಿಟ್ಟಳು.

"ನನ್ನದು?" ಎಂದರು ಅಪ್ಪ. ಅಮ್ಮ ಹಿಟ್ಟಿನ ಪಾತ್ರೆ ಮುಚ್ಚಿಟ್ಟಳು.

ಇವತ್ತು ಊಟದ ಮೇಜಿನಿಂದ ಅದೇ "ಎರಡಿದ್ರೆ?" ಕೇಳಿಸಿತು. ಮುದುಕರಾದ ಅಪ್ಪ ನನ್ನ ಮಗಳೆದುರು ದೋಸೆ ಎತ್ತಿ ಹಿಡಿದಿದ್ದರು.

"ತಾತ, ಐ ಆಮ್ ಹಂಗ್ರಿ. ಕೊಡು," ಎನ್ನುತ್ತಿದ್ದಳು ಅವಳು.

ದೋಸೆ ಕಸಿದು ಮಗಳ ತಟ್ಟೆಗೆ ಹಾಕಿದೆ. ಅಪ್ಪನ ತಿಂಡಿ ಇನ್ನೂ ಆಗಿರಲಿಲ್ಲ. ಒಲೆ ಆರಿಸಿದೆ.