ಅತ್ತಿಗೆಯನ್ನು ಬಿಟ್ಟು ತೆಗೆದ ವಿಡಿಯೊ

ಅಣ್ಣನ ಮಗಳ ಮದುವೆಗೆ ಇಪ್ಪತ್ತೆರಡು ರವಿಕೆ ಹೊಲಿದವಳು ನಾನು. ನೊಣವಿನಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ನಡೆದರೆ ನನ್ನ ಹೊಲಿಗೆ ಅಂಗಡಿ. ಅದರ ಹಿಂದಿನ ಒಂದೂವರೆ ಕೋಣೆಯೇ ಮನೆ. ಗಂಡ ತೀರಿಕೊಂಡು ಏಳು ವರ್ಷವಾದ ಮೇಲೆ ನಮ್ಮ ಮನೆತನದಲ್ಲಿ ನಡೆದ ಮೊದಲ ಮದುವೆ ಅದು. ಮದುಮಗಳು ಧಾರೆಗೆ ತೊಡುವ ರವಿಕೆಯ ತೋಳಿಗೆ ಕೈಯಲ್ಲೇ ಮಣಿ ಕೂರಿಸಲು ಒಂಬತ್ತು ದಿನ ಹಿಡಿಯಿತು. ಆ ಹುಡುಗಿ ಸ್ಕೂಲು ಬಿಟ್ಟ ಮೇಲೆ ನನ್ನ ಅಂಗಡಿಯಲ್ಲೇ ಚೂರುಬಟ್ಟೆಯ ರಾಶಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವಳು. ಹಾಗಾಗಿ ಮಣಿ ಪೋಣಿಸಿದ್ದು ಕಷ್ಟ ಅನ್ನಿಸಲಿಲ್ಲ.

ಮದುವೆ ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆಯಿತು. ತಿಂಗಳಾದ ಮೇಲೆ ವಿಡಿಯೊ ಬಂತು. ಒಂದು ಭಾನುವಾರ ಮಧ್ಯಾಹ್ನ ಅಣ್ಣನ ಮನೆಯ ಪಡಸಾಲೆಯಲ್ಲಿ ನೆಂಟರೆಲ್ಲ ಚಾಪೆ ಹಾಸಿಕೊಂಡು ಟಿ.ವಿ. ಮುಂದೆ ಕೂತೆವು. ಮೂರು ಗಂಟೆಯ ವಿಡಿಯೊ. ಅರಿಶಿನ, ವರಪೂಜೆ, ಧಾರೆ, ಊಟದ ಪಂಕ್ತಿ ಎಲ್ಲವೂ ಬಂದವು. ಎಲೆಗೆ ಹೋಳಿಗೆ ಬಡಿಸುವುದು ಬಂತು. ಮಂಟಪದ ಬಾಗಿಲಲ್ಲಿ ಮಲಗಿದ್ದ ನಾಯಿಯೂ ಬಂತು. ನಾನು ಹೊಲಿದ ರವಿಕೆಗಳೆಲ್ಲ ಒಂದಾದ ಮೇಲೊಂದು ನಗುತ್ತಾ ಓಡಾಡಿದವು. ನಾನು ಮಾತ್ರ ಬರಲಿಲ್ಲ.

"ಇದೇನತ್ತೆ, ನೀನೆಲ್ಲೂ ಕಾಣ್ಸಲ್ವಲ್ಲ?" ಎಂದು ಅಣ್ಣನ ಮಗಳು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಅವಳೆಲ್ಲಿ ಒಂದ್ಕಡೆ ನಿಂತ್ಕೋತಾಳೆ, ಬುಡು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಜ ತಿಳಿದದ್ದು ಎರಡು ವಾರ ಕಳೆದು. ವಿಡಿಯೊ ತೆಗೆದವನು ಹೆಂಡತಿಯ ರವಿಕೆ ಒಯ್ಯಲು ಅಂಗಡಿಗೆ ಬಂದಿದ್ದ. ನಾನು ಸುಮ್ಮನೆ ಕೇಳಿದೆ, "ನನ್ನ ಮುಖ ಅಷ್ಟು ಕೆಟ್ಟದಾಗೈತೇನಪ್ಪ?"

ಅವನು ಚೀಲದ ಬಾಯಿಯನ್ನು ಸುತ್ತುತ್ತಾ ನಿಂತ. "ಬೇಜಾರ್ ಮಾಡ್ಕೋಬ್ಯಾಡಿ ಅಕ್ಕ. ನಿಮ್ಮನ್ನ ಚೆನ್ನಾಗೇ ತಗ್ದಿದ್ದೆ. ನಿಮ್ಮತ್ತಿಗೆಯವ್ರೇ ಸ್ಟುಡಿಯೊಗೆ ಬಂದು ಪಕ್ಕದಲ್ಲೇ ಕೂತು ನೀವಿರೋದೆಲ್ಲ ಕತ್ತರ್ಸಿ ಹಾಕ್ಸುದ್ರು. ಬೀಗರ ಮನೇಗೆ ಹೋಗೋ ವಿಡಿಯೊ, ಗಂಡ ಇಲ್ದೋರು ಮುಂದ್ಮುಂದೆ ಕಾಣ್ಬಾರ್ದು ಅಂದ್ರು."

ನಾನು ಆಗ ಬಟ್ಟೆ ಕತ್ತರಿಸುತ್ತಿದ್ದೆ. ಯಾರದೋ ರವಿಕೆಯ ಕತ್ತು ಎರಡು ಬೆರಳು ಹೆಚ್ಚೇ ಇಳಿದುಹೋಯಿತು.

ಅತ್ತಿಗೆಯ ಹತ್ತಿರ ಹೋಗಿ ಜಗಳವಾಡಬಹುದಿತ್ತು. ಆಡಿದ್ದರೆ ಅವಳು ಅಳುತ್ತಿದ್ದಳು, ಅಣ್ಣ ನಡುವೆ ಬರುತ್ತಿದ್ದ, ಕೊನೆಗೆ ನಾನೇ ಕೆಟ್ಟವಳಾಗುತ್ತಿದ್ದೆ. ನನಗೆ ಅದು ಬೇಕಿರಲಿಲ್ಲ. ಅವಳು ನನಗೆ ಏನು ಮಾಡಿದ್ದಳೋ ಅದನ್ನೇ, ಅಷ್ಟೇ ಅಳತೆಗೆ, ಅವಳಿಗೆ ಮಾಡಬೇಕಿತ್ತು. ಅಣ್ಣನ ಮಗಳು ಬಸುರಿಯೆಂಬ ಸುದ್ದಿ ಬಂದ ದಿನ ನನಗೆ ದಾರಿ ಕಂಡಿತು. ಬಾಣಂತನ ತವರಿನಲ್ಲಿ, ಮಗುವಿನ ನಾಮಕರಣವೂ ಅಲ್ಲೇ. ಹೆಂಗಸರು ಮಗುವನ್ನು ತೊಟ್ಟಿಲಿಗೆ ಹಾಕುವಾಗ ನಾನು ಹಿಂದೆ ನಿಲ್ಲಬೇಕು. ಆದರೆ ಕೈಯಲ್ಲಿ ಕ್ಯಾಮೆರಾ ಇದ್ದರೆ? ಕ್ಯಾಮೆರಾ ಹಿಡಿದವರಿಗೆ ಎಲ್ಲರೂ ತಾವಾಗಿಯೇ ದಾರಿ ಬಿಡುತ್ತಾರೆ. ತೊಟ್ಟಿಲ ಪಕ್ಕದಲ್ಲೇ ನಿಲ್ಲಬಹುದು. ಯಾರಿರಬೇಕು, ಯಾರಿರಬಾರದು ಎಂಬುದೂ ಆಗ ನನ್ನ ಕೈಯಲ್ಲೇ.

ಗೌರಿಹಬ್ಬದ ಹೊಲಿಗೆ ಮುಗಿದು ಕೈಯಲ್ಲಿ ಒಂದಿಷ್ಟು ಸೇರಿದ ಮೇಲೆ ತಿಪಟೂರಿನ ಬಸ್ಸು ಹತ್ತಿದೆ.

ಮೊದಲು ಹೋದ ಮೊಬೈಲ್ ಅಂಗಡಿಯವನು ನಕ್ಕ. "ಈಗ್ಯಾರಮ್ಮ ವಿಡಿಯೊ ಕ್ಯಾಮೆರಾ ತಗೋತಾರೆ? ಫೋನಲ್ಲೇ ಬತ್ತದಲ್ಲ."

ಫೋನಿನಲ್ಲಿ ಬರುತ್ತದೆಂದು ನನಗೂ ಗೊತ್ತಿತ್ತು. ನನ್ನ ಫೋನು ಎರಡು ನಿಮಿಷ ತೆಗೆಯುವಷ್ಟರಲ್ಲಿ ಜಾಗವಿಲ್ಲ ಅನ್ನುತ್ತಿತ್ತು. ನಡುವೆ ಯಾರಾದರೂ ಫೋನು ಮಾಡಿ "ನನ್ನ ರವಿಕೆ ಆಯ್ತಾ" ಎಂದರೆ ತೆಗೆಯುತ್ತಿದ್ದುದೂ ನಿಂತುಹೋಗುತ್ತಿತ್ತು. ಮೇಲಾಗಿ, ಫೋನು ಹಿಡಿದವಳಿಗೆ ಯಾರು ದಾರಿ ಬಿಡುತ್ತಾರೆ? ಅಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಇರುತ್ತದೆ.

ಅವನು ಬೈಕಿನವರು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುವಂಥ ಒಂದು ಕ್ಯಾಮೆರಾ ತೋರಿಸಿದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀರಿಗೆ ಬಿದ್ದರೂ ಕೆಡುವುದಿಲ್ಲವಂತೆ. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯನ್ನು ತೆಗೆದು ನೋಡಿದೆ. ಕೊಬ್ಬರಿ ಮೂಟೆಯ ಲಾರಿ, ಕಾಲೇಜಿನ ಹುಡುಗಿಯರು, ಕಬ್ಬಿನ ಹಾಲಿನ ಗಾಡಿ, ಎಡದಲ್ಲಿದ್ದ ಅಂಗಡಿಯವನ ಮೊಣಕೈ, ಎಲ್ಲವೂ ಒಳಗೆ ಬಂದಿದ್ದವು. ಅದು ಎದುರಿಗಿದ್ದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ನನಗೆ ಬೇಕಿದ್ದದ್ದು ಒಬ್ಬರನ್ನು ಬಿಡಬಲ್ಲ ಕ್ಯಾಮೆರಾ.

ಎರಡನೆಯ ಅಂಗಡಿಯಲ್ಲಿ ಅಗ್ಗದ್ದೊಂದಿತ್ತು. ಡಬ್ಬದ ತುಂಬಾ ದೊಡ್ಡ ದೊಡ್ಡ ಅಂಕಿಗಳು. ಅಂಗಡಿಯ ಹಿಂದಿನ ಗೋದಾಮಿನ ಕತ್ತಲೆಯಲ್ಲಿ ತೆಗೆದು ನೋಡುತ್ತೇನೆಂದೆ, ಯಾಕೆಂದರೆ ಅಣ್ಣನ ಮನೆಯ ನಡುಮನೆಗೆ ಬೆಳಕು ಕಡಿಮೆ. ಅಲ್ಲಿ ಚಿತ್ರವೆಲ್ಲ ರಾಗಿ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಯಿತು. ಹತ್ತಿರಕ್ಕೆ ಎಳೆದರೆ ಮುಖ ಚೂರುಚೂರಾಗುತ್ತಿತ್ತು. ಬೇಡವೆಂದೆ.

ಸ್ಟೇಷನ್ ರಸ್ತೆಯ ಒಂದು ರಿಪೇರಿ ಅಂಗಡಿಯಲ್ಲಿ ನನ್ನದು ಸಿಕ್ಕಿತು. ಯಾರೋ ಬಳಸಿ ಮಾರಿದ್ದು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಪಕ್ಕಕ್ಕೆ ಬಿಚ್ಚಿಕೊಳ್ಳುವ ಪುಟ್ಟ ಪರದೆ. ಗುಂಡಿ ಒತ್ತಿದರೆ ಒಳಗಿನ ಗಾಜೇ ಸರಿದು ದೂರದ ಮುಖವನ್ನು ಹತ್ತಿರ ತರುತ್ತಿತ್ತು. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಪರದೆಯಲ್ಲಿ ತುಂಬಿಸಿದೆ. ಇನ್ನೊಬ್ಬ ಇಲ್ಲವೇ ಇಲ್ಲ.

"ಬ್ಯಾಟ್ರಿ ಬದಲಾಯಿಸ್ಬೋದಾ?" ಎಂದೆ.

"ಬದಲಾಯಿಸ್ಬೋದು ಕಣಮ್ಮ. ಇನ್ನೊಂದು ಜೊತೇಲೇ ಕೊಡ್ತೀನಿ. ಏನು, ಮೊಮ್ಮಕ್ಕಳ ಆಟ ಪಾಠ ತೆಗ್ಯಕ್ಕಾ?"

"ಹೂಂ," ಎಂದೆ. ಇನ್ನೇನು ಹೇಳಲಿ?

ಮೂರು ತಿಂಗಳು ಅಭ್ಯಾಸ ಮಾಡಿದೆ. ಅಂಗಡಿಗೆ ಬಂದ ಹೆಂಗಸರನ್ನು, ಕೆರೆ ಏರಿಯ ಮೇಲೆ ಹೋಗುವ ದನಗಳನ್ನು, ತೋಟದಲ್ಲಿ ಕಾಯಿ ಸುಲಿಯುವವರನ್ನು ತೆಗೆದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರೆ ಚಿತ್ರ ಅಲುಗುವುದಿಲ್ಲವೆಂದು ಕಲಿತೆ. ನನ್ನ ಹತ್ತಿರ ಕ್ಯಾಮೆರಾ ಇದೆಯೆಂಬ ಮಾತು ಊರಲ್ಲಿ ಹರಡಿತು. ಅಷ್ಟರಲ್ಲಿ ಮಗು ಹುಟ್ಟಿತು. ನಾಮಕರಣದ ದಿನಕ್ಕೆ ವಿಡಿಯೊದವನು ಬೇರೊಂದು ಮದುವೆ ಒಪ್ಪಿಕೊಂಡಿದ್ದ. ಬಾಣಂತಿಯೇ ಹೇಳಿದಳು, "ಅತ್ತೆ ಹತ್ರ ಕ್ಯಾಮೆರಾ ಐತಲ್ಲಮ್ಮ, ಅವರೇ ತಗೀಲಿ." ಅತ್ತಿಗೆಗೆ ಬೇಡವೆನ್ನಲು ಕಾರಣ ಸಿಗಲಿಲ್ಲ.

ಆ ದಿನ ತೊಟ್ಟಿಲಿಗೆ ನನ್ನಷ್ಟು ಹತ್ತಿರ ಯಾರೂ ನಿಂತಿರಲಿಲ್ಲ. "ಸ್ವಲ್ಪ ಜರುಗ್ರಿ, ವಿಡಿಯೊ ತಗೀತಾವ್ರೆ" ಎಂದು ಬೀಗಿತ್ತಿಯೇ ಜನರನ್ನು ಸರಿಸಿದಳು. ತೊಟ್ಟಿಲ ಕೆಳಗಿನಿಂದ ಮಗುವನ್ನು ದಾಟಿಸುವಾಗ ಈಚೆ ಬದಿಯವರನ್ನು ತೆಗೆದೆ, ಆಚೆ ಬದಿಯಲ್ಲಿದ್ದ ಅತ್ತಿಗೆಯನ್ನು ಬಿಟ್ಟೆ. ಅವಳು ಆರತಿ ತಂದರೆ ತಟ್ಟೆಯನ್ನು ತೆಗೆದೆ. ಅವಳು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರೆ ಮಗುವಿನ ಪಾದ ತೆಗೆದೆ. ಅವಳು ಎರಡು ಸಲ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ ನಕ್ಕಳು. ನಾನೂ ಪರದೆಯ ಹಿಂದಿನಿಂದ ತಲೆಯಾಡಿಸಿದೆ.

ಮಾರನೆಯ ದಿನ ಅಂಗಡಿಯಲ್ಲಿ ಕೂತು ಎಲ್ಲವನ್ನೂ ನೋಡಿದೆ. ಒಂದು ಕಡೆ ತಪ್ಪಿಬಿಟ್ಟಿದ್ದೆ. ಹಿತ್ತಲ ಬಾಗಿಲಲ್ಲಿ, ಯಾರೂ ಇಲ್ಲದಾಗ, ಅತ್ತಿಗೆ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಅದರ ಬೆನ್ನು ಸವರುತ್ತಿದ್ದಳು. ಕಣ್ಣು ಮುಚ್ಚಿತ್ತು. ಹನ್ನೊಂದು ಸೆಕೆಂಡು. ನಾನು ಅಲ್ಲಿಯವರೆಗೆ ತೆಗೆದ ಎಲ್ಲದರಲ್ಲಿ ಅದೇ ಚೆನ್ನಾಗಿತ್ತು. ಅಳಿಸಿಹಾಕಿದೆ.

ಅದೇ ಪಡಸಾಲೆ, ಅದೇ ಚಾಪೆ. ಟಿ.ವಿ.ಗೆ ವೈರು ಸಿಕ್ಕಿಸಿ ತೋರಿಸಿದೆ. ನಲವತ್ತು ನಿಮಿಷದ ವಿಡಿಯೊ. ಅರ್ಧ ಕಳೆದಾಗ ಅತ್ತಿಗೆ ಮುಂದಕ್ಕೆ ಬಾಗಿ ಕೂತಳು. ಕೊನೆಗೆ ಬಂದಾಗ ಅವಳ ಮುಖ ಸಣ್ಣದಾಗಿತ್ತು.

"ನಾನೆಲ್ಲಿ?" ಎಂದಳು.

"ನೀನೆಲ್ಲಿ ಒಂದ್ಕಡೆ ನಿಂತ್ಕೋತೀಯ ಅತ್ತಿಗೆ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಅವಳಿಗಾಯಿತು. ಎದ್ದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆ ಎತ್ತಿಡುವ ಸದ್ದು ಬಹಳ ಹೊತ್ತು ಕೇಳಿಸಿತು. ಆ ಮಧ್ಯಾಹ್ನ ಮನೆಗೆ ಬಂದು ನಾನು ಒಬ್ಬಳೇ ಹೊಟ್ಟೆ ತುಂಬ ಉಂಡೆ. ಸುಳ್ಳು ಯಾಕೆ ಹೇಳಲಿ, ಅಂಥ ರುಚಿಯ ಊಟ ಎಷ್ಟೋ ವರ್ಷದಿಂದ ಉಂಡಿರಲಿಲ್ಲ.

ಬಾಣಂತಿ ಮಗುವಿನೊಂದಿಗೆ ತುರುವೇಕೆರೆಯ ಗಂಡನ ಮನೆಗೆ ಹೋದಳು. ಅತ್ತಿಗೆ ನನ್ನ ಅಂಗಡಿಯ ಮುಂದಿನ ದಾರಿಯನ್ನೇ ಬಿಟ್ಟಳು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬಂದು ಹೊಸ್ತಿಲ ಹೊರಗೇ ನಿಂತಳು.

"ಮಗು ಜೊತೆ ನಂದೊಂದು ವಿಡಿಯೊನೂ ಇಲ್ಲ ಕಣೇ," ಎಂದಳು. "ಮದ್ವೆ ವಿಡಿಯೊದಿಂದ ನಿನ್ನ ತೆಗ್ಸಿ ಹಾಕಿದ್ದು ನಾನೇ. ಬೀಗರು ಏನಂದಾರೋ ಅನ್ನೋ ಭಯ. ತಪ್ಪು ಅಂತ ಆಗ್ಲೇ ಗೊತ್ತಿತ್ತು. ಮುಂದಿನ್ವಾರ ಮಗು ಕರ್ಕೊಂಡು ಅವ್ರೆಲ್ಲ ಬತ್ತಾರೆ. ಒಂದ್ಸಲ ತಗೀ."

ನಾನು ಹೊಲಿಗೆ ನಿಲ್ಲಿಸಲಿಲ್ಲ. ಒಂದು ಪೂರ್ತಿ ಅಂಚು ಮುಗಿಸಿ ಹೇಳಿದೆ, "ತಗೀತೀನಿ. ಮೊದ್ಲು ನೀನು ನನ್ನ ತಗೀಬೇಕು. ಮಗು ನನ್ನ ತೊಡೆ ಮೇಲಿರ್ಬೇಕು. ನಿನ್ ಬೀಗಿತ್ತಿ ಎದುರಿಗೇ."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. "ಆಗ್ಲಿ" ಎಂದಳು.

ಹಾಗೆಯೇ ನಡೆಯಿತು. ಪಡಸಾಲೆಯ ನಡುವೆ ನಾನು ಕೂತೆ. ಅಣ್ಣನ ಮಗಳು ಮಗುವನ್ನು ತಂದು ತೊಡೆಯ ಮೇಲೆ ಹಾಕಿದಳು. ಅತ್ತಿಗೆಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. "ಮೊಣಕೈ ಪಕ್ಕೆಗೆ ಒತ್ಕೋ," ಎಂದೆ. ಬೀಗಿತ್ತಿ ಏನಾದರೂ ಅನ್ನುತ್ತಾಳೆಂದು ಅತ್ತಿಗೆ ಎರಡೆರಡು ಸಲ ಆ ಕಡೆ ನೋಡಿದಳು. ಬೀಗಿತ್ತಿ ಎಲೆಗೆ ಸುಣ್ಣ ಸವರುತ್ತಾ, "ಮಗು ತಲೆ ಸ್ವಲ್ಪ ಎತ್ತಿ ಹಿಡ್ಕಳ್ಳವ್ವ, ಮುಖ ಕಾಣ್ಲಿ" ಎಂದಳು. ಅಷ್ಟೇ.

ಆಮೇಲೆ ನಾನು ಅತ್ತಿಗೆಯನ್ನು ತೆಗೆದೆ. ಮೂರು ನಿಮಿಷ ತೆಗೆದೆ, ಮುಖವನ್ನು ಹತ್ತಿರಕ್ಕೆ ಎಳೆದೂ ತೆಗೆದೆ. ಅವಳು ಕ್ಯಾಮೆರಾದ ಎದುರು ಬಿಗಿದುಕೊಂಡು ನಿಂತಿದ್ದಳು. ಆಮೇಲೆ ವಿಷಯ ತಿಳಿದ ಅಣ್ಣನ ಮಗಳು, ಅಮ್ಮನನ್ನು ಕ್ಷಮಿಸಿದೆಯಾ ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. ಈಗ ಅತ್ತಿಗೆ ಮತ್ತೆ ನನ್ನ ಅಂಗಡಿಗೆ ಬರುತ್ತಾಳೆ, ಬಟ್ಟೆ ಕೊಡುತ್ತಾಳೆ, ಅಳತೆಗೆ ಕೈ ಎತ್ತಿ ನಿಲ್ಲುತ್ತಾಳೆ. ಬೇಕಾದಷ್ಟೇ ಮಾತಾಡುತ್ತೇವೆ.