ನಿಶ್ಚಿತಾರ್ಥದ ಕ್ರೀಮು

ತಮಿಳುನಾಡಿನ ತೇವಾರ ಎಂಬ ಊರಿನ ಮಣಿಮೇಗಲೈ ಮನೆಯಲ್ಲೇ ಮುಖದ ಕ್ರೀಮು ಮಾಡಿ ಮಾರುತ್ತಾಳೆ. ತೇನಿ ಪಟ್ಟಣದ ತರಬೇತಿಯಲ್ಲಿ ಕಲಿತ ವಿದ್ಯೆ: ಎಣ್ಣೆ, ಜೇನುಮೇಣ, ಪನ್ನೀರು, ಜೊತೆಗೆ ಗ್ರೀನ್ ಟೀ ಸಾರ. "ಬಿಸಿಲು, ಹೊಗೆ ಚರ್ಮ ಕೆಡಿಸೋಕ ಬಂದ್ರೆ ಈ ಟೀ ಅಡ್ಡ ನಿಂತ್ಕತ್ತದ" ಎಂದು ಕೊಳ್ಳುವವರಿಗೆ ಹೇಳುತ್ತಾಳೆ. ಬೆಳ್ಳಗಾಗಿಸುತ್ತದೆ ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಳು. ದೃಷ್ಟಿಗಿಷ್ಟಿ ಎಂದರೆ ನಕ್ಕುಬಿಡುವ ಹೆಂಗಸು.

ಅಂಥವಳೂ ಹೆದರಿದ್ದು ಮಗಳು ಇಂದುಜಾಳ ನಿಶ್ಚಿತಾರ್ಥದ ಬೆಳಿಗ್ಗೆ. ಗಂಡಿನವರು ಆಗಲೇ ಹತ್ತಿರದ ಗೂಡಲೂರು ಬಿಟ್ಟಿದ್ದರು. ಕರೆಂಟಿಲ್ಲದ ಕತ್ತಲೆ ಕೋಣೆಯಲ್ಲಿ ಅಮ್ಮ ಮಾಡಿಟ್ಟ ಹೊಸ ಕ್ರೀಮು ತಿಕ್ಕಿಕೊಂಡ ಹುಡುಗಿ ಅಂಗಳಕ್ಕೆ ಬಂದಳು.

"ಅಮ್ಮಾ, ಇಲ್ನೋಡು!"

ಎರಡೂ ಕೆನ್ನೆ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು. ನೀರು ಹಾಕಿದರೂ ಹೋಗಲಿಲ್ಲ, ಸೋಪಿಗೂ ಜಗ್ಗಲಿಲ್ಲ.

"ಉರೀತದಾ ಕೂಸೇ?"

"ಇಲ್ಲಮ್ಮಾ. ಬಯ ಆಗ್ತದ."

ಮಣಿಮೇಗಲೈ ಕೋಣೆಯಿಂದ ಡಬ್ಬಿ ತಂದು ಬಿಚ್ಚಿದಳು. ಹೆತ್ತ ಮಗಳ ಮುಖವನ್ನು ಕೈಯಾರೆ ಹಾಳು ಮಾಡಿದೆನೇ? ಊರಲ್ಲಿ ಇದನ್ನೇ ಹಚ್ಚಿಕೊಂಡ ಉಳಿದ ಹೆಣ್ಣುಮಕ್ಕಳ ಗತಿಯೇನು? ಡಬ್ಬಿಯೊಳಗೂ ಕ್ರೀಮು ಕಪ್ಪಾಗಿತ್ತು.

"ಅತ್ತೆ, ಇದ್ನ ಯಾರಾದ್ರೂ ಮುಟ್ಟಿದ್ರಾ?"

ಅತ್ತೆ ಓಚ್ಚಮ್ಮಾಳ್ ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡಳು. ಬೆರಳನ್ನು ಕ್ರೀಮಿನೊಳಗೆ ಅದ್ದಿ ಒಂದು ಕಬ್ಬಿಣದ ಉಂಗುರ ಹೊರತೆಗೆದಳು. ಆ ಮನೆಯಲ್ಲಿ ಮದುವೆಯ ಹೆಣ್ಣಿಗೆ ಕಲೆಸಿದ ಅರಿಶಿನದಲ್ಲಿ, ದೃಷ್ಟಿ ತಾಕದಿರಲೆಂದು, ಕಬ್ಬಿಣ ಹಾಕಿಡುವ ರೂಢಿ.

"ಅರಿಶಿಣಕ್ಕ ಹಾಕ್ತೀವಲ್ಲ, ಮೊಕಕ್ಕ ಹಚ್ಚೋದು ಇದೂ ಒಂದೇ ಅಂದ್ಕಂಡೆ. ಕೂಸಿಗ ಕೇಡು ಮಾಡ್ಬಿಟ್ಟೆನಾ ತಾಯಿ?" ಮುದುಕಿ ಅತ್ತೇಬಿಟ್ಟಳು.

ಟೀಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ, ಸೇರಿದರೆ ಮಸಿಯಂತಾಗುತ್ತದೆ. ನಿಂಬೆರಸಕ್ಕೆ ಆ ಕಪ್ಪು ಬಿಡುತ್ತದೆ. ತರಬೇತಿಯಲ್ಲಿ ಬೋಗುಣಿ ತೊಳೆಯುವಾಗ ಹೇಳಿಕೊಟ್ಟಿದ್ದು ಅವಳಿಗೆ ನೆನಪಾಯಿತು. ಆದರೆ ಬೋಗುಣಿ ಬೇರೆ, ಮಗಳ ಕೆನ್ನೆ ಬೇರೆ. ಅವಳು ಆ ಕಪ್ಪು ಕ್ರೀಮನ್ನು ತನ್ನ ಕೆನ್ನೆಗೇ ಬಳಿದುಕೊಂಡು, ಸ್ವಲ್ಪ ಹೊತ್ತು ಬಿಟ್ಟು, ನೀರು ಬೆರೆಸಿದ ನಿಂಬೆರಸದಲ್ಲಿ ಒರೆಸಿದಳು.

"ಹೋಯ್ತಾ? ನೋಡಿ ಹೇಳು."

"ಹೋಗ್ತದಮ್ಮಾ!"

ಆಮೇಲೆ ಮಗಳ ಕೆನ್ನೆ ಒರೆಸುತ್ತ ಹೋದಳು. ಹತ್ತಿ ಕಪ್ಪಾದಂತೆ ಚರ್ಮ ತಿಳಿಯಾಯಿತು. ಬೀದಿಯ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿದಾಗ ಇಂದುಜಾಳ ಮುಖ ಮೊದಲಿನ ಹಾಗೇ ಇತ್ತು.

ಓಚ್ಚಮ್ಮಾಳ್ ಡಬ್ಬಿಯನ್ನು ಮೋರಿಗೆ ಚೆಲ್ಲಲು ಹೊರಟಳು. ಮಣಿಮೇಗಲೈ ಅವಳ ಕೈ ಹಿಡಿದು ನಿಲ್ಲಿಸಿದಳು. ಆ ಕರಿ ಕ್ರೀಮನ್ನು ಬೆರಳ ತುದಿಗೆ ತೆಗೆದುಕೊಂಡು, ಯಾರಿಗೂ ಕಾಣದ ಹಾಗೆ, ಮಗಳ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟಳು.