ಕೋಲಿನ ಮೇಲೆ ಗದ್ದವಿಟ್ಟವಳು

ನಮ್ಮ ಮನೆಯ ಪಡಸಾಲೆಯ ಗೋಡೆ ಏರಬೇಕಾದರೆ ಒಂದೋ ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು. ಅದೂ ಗಂಡಸಾಗಿ ಸತ್ತಿರಬೇಕು. ತುಕ್ಕಾನಟ್ಟಿಯ ಆ ಮನೆಯಲ್ಲಿ ಎಡಕ್ಕೆ ದೇವರ ಫೋಟೋಗಳು, ಬಲಕ್ಕೆ ಅಜ್ಜ ಮತ್ತು ಅಪ್ಪ, ನಡುವೆ ಗೊಬ್ಬರದಂಗಡಿಯ ಕ್ಯಾಲೆಂಡರು. ಬಂದವರಿಗೆಲ್ಲ ಕಾಕಾ ಅಪ್ಪನ ಫೋಟೋ ತೋರಿಸಿ, "ನಮ್ಮಣ್ಣ ದುಡುದು ಕಟ್ಟಿಸಿದ ಮನಿರಿ ಇದು" ಅನ್ನುತ್ತಿದ್ದ. ದುಡಿದದ್ದು ಏನು ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ನಾನು ಹೇಳುತ್ತೇನೆ. ಕುರಿ. ನಾವು ಕುರಿ ಕಾಯುವ ಮಂದಿ. ಅಪ್ಪ ತೀರಿಕೊಂಡಾಗ ನನಗೆ ಐದು ವರ್ಷ, ಮನೆಗೆ ಇನ್ನೂ ಪಾಯವೂ ಬಿದ್ದಿರಲಿಲ್ಲ. ಆಮೇಲೆ ಹನ್ನೊಂದು ವರ್ಷ ಆ ಹಿಂಡಿನ ಹಿಂದೆ ಬಿಸಿಲು ಮಳೆ ಅನ್ನದೆ ತಿರುಗಿದವಳು ಅವ್ವ. ಈ ಗೋಡೆಯ ಕಲ್ಲು, ನನ್ನ ಸಾಲಿ, ಕಾಕಾನ ಪಂಪ್‌ಸೆಟ್ಟು ಎಲ್ಲ ಬಂದದ್ದು ಅವಳ ಕೋಲಿನಿಂದ. ನೀರು ಬಂತು, ಕಬ್ಬು ಬಂತು, ಕುರಿ ಮಾರಿದರು. ಹಿಂಡಿನ ಜೊತೆ ಅವ್ವನ ಹನ್ನೊಂದು ವರ್ಷವನ್ನೂ ಸಂತೆಗೆ ಹೊಡೆದುಬಿಟ್ಟರು. "ನಾವೀಗ ಕಬ್ಬಿನವರು" ಅಂದ ಕಾಕಾ. ಅವ್ವ ಅಡಿಗೆಮನೆ ಸೇರಿದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಕಲ್ಲೋಳಿಯ ಸಾಲಿಯಲ್ಲಿ ಟೀಚರ್ ಆಗಿ ಪಗಾರ ಕೈಗೆ ಬಂದ ಮೇಲೆ ಅವ್ವನದೊಂದು ಫೋಟೋ ತೆಗೆಸಿ ಆ ಗೋಡೆಗೆ ಹಾಕುತ್ತೇನೆ ಅಂದೆ. ಅವ್ವನೇ ಬೆಚ್ಚಿಬಿದ್ದಳು. "ಜೀವಂತ ಇರೂ ಮಂದೀನ್ನ ಗ್ವಾಡಿಗೆ ಹಾಕ್ತಾರೇನ ಹುಚ್ಚಿ? ನನ್ನ ಲಗೂ ಕಳಸಬೇಕಂತ ಮಾಡೀಯೇನು?" ಸರಿ, ನೀನು ಬೇಡವಾದರೆ ನಿನ್ನಂಥವಳೊಬ್ಬಳು ಬರಲಿ, ಕುರಿ ಕಾಯುವ ಹೆಂಗಸಿನ ಒಂದು ಚಿತ್ರ ತರುತ್ತೇನೆ ಎಂದು ನಿಶ್ಚಯಿಸಿದೆ.

ಗೋಕಾಕದ ಬಜಾರಿನಲ್ಲಿ ಪೋಸ್ಟರ್ ಮಾರುವವನ ಹತ್ತಿರ ಹೋದರೆ ದೇವರು, ಸಿನಿಮಾ ನಟಿಯರು, ನಗುವ ಕೂಸುಗಳು, ಎಲ್ಲಿಯದೋ ಹಿಮದ ಬೆಟ್ಟ. "ಕುರಿ ಇಲ್ರಿ ಅಕ್ಕಾರ, ಕೃಷ್ಣನ ಜೋಡಿ ಆಕಳ ಅದಾವ, ನಡೀತಾವೇನ್ರಿ?" ಅಂದ. ನಡೆಯುವುದಿಲ್ಲ ಅಂದೆ. ಆಗ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ನೆಟ್ ಸೆಂಟರ್ ಆಗಿತ್ತು. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿದ್ದ ಕಾಲ. ರವಿವಾರ ಬಂತೆಂದರೆ ನಾನು ಅಲ್ಲಿ ಹಾಜರು. ಇಂಗ್ಲಿಷಿನಲ್ಲಿ ಕುರಿ, ಹೆಂಗಸು, ಚಿತ್ರ ಎಂದು ಹೊಡೆದರೆ ಮೊದಲು ಬಂದದ್ದು ಕುರಿಗೆ ಹಾಕುವ ಲಸಿಕೆ, ಆಮೇಲೆ ಉಣ್ಣೆ ಸ್ವೆಟರ್ ತೊಟ್ಟ ಬಿಳಿ ಹುಡುಗಿಯರು. ನನ್ನ ಹಿಂದೆ ಸರತಿ ಕಾಯುತ್ತಿದ್ದವರು ಗೊಣಗುತ್ತಿದ್ದರು. ಗೊಣಗಲಿ, ನಾನೇನು ಪುಕ್ಕಟೆ ಕೂತಿದ್ದೇನೆಯೇ!

ಮೂರನೆಯ ರವಿವಾರ ಅವಳು ಸಿಕ್ಕಳು. ಮುಂಬೈಯಿಂದ ಚಿತ್ರಗಳ ಪ್ರಿಂಟು ಕಳಿಸುವ ಒಂದು ಅಂಗಡಿಯ ಪುಟ. ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಮೋಡ ಕವಿದ ಆಕಾಶ, ಆಮೇಲೆ ತಲೆಯ ಮೇಲೆ ದಪ್ಪ ಉಣ್ಣೆಯ ಮುಸುಕು, ನಮ್ಮವರು ಮಳೆಗೆ ಹಾಕಿಕೊಳ್ಳುವ ಕಂಬಳಿ ಕೊಪ್ಪಿಯೇ. ಅದರ ನೆರಳಿನಲ್ಲಿ ಅರ್ಧ ಮುಖ. ಅಷ್ಟರಲ್ಲಿ ಕರೆಂಟ್ ಹೋಯಿತು. ನನಗೆ ಅಳುವೇ ಬಂತು. ಮುಂದಿನ ವಾರ ಬಂದು ಉಳಿದದ್ದನ್ನು ನೋಡಿದೆ. ಎರಡೂ ಕೈ ಕೋಲಿನ ತುದಿಯ ಮೇಲೆ, ಕೈಗಳ ಮೇಲೆ ಗದ್ದ, ಹಿಂದೆ ಕುರಿಗಳು. ಬರೆದವನು ಯಾವುದೋ ದೇಶದವನು. ನಮ್ಮ ಅವ್ವನನ್ನು ಅವನು ಎಲ್ಲಿ ನೋಡಿದ್ದನೋ ಏನೋ!

ಅಳತೆ ಆರಿಸಿ ಎಂದು ಪುಟ ಕೇಳಿತು. ಸಾಲಿಯ ಸ್ಕೇಲಿನಿಂದ ಅಪ್ಪನ ಫೋಟೋ ಅಳೆದುಕೊಂಡೇ ಹೋಗಿದ್ದೆ. ಅದಕ್ಕಿಂತ ಒಂದು ಗೇಣು ದೊಡ್ಡದನ್ನು ಆರಿಸಿದೆ, ಬೇಕಂತಲೇ. ಕಾರ್ಡಿನ ನಂಬರು ಕೇಳಿತು, ನನ್ನ ಹತ್ತಿರ ಎಲ್ಲಿಯ ಕಾರ್ಡು? ಕೆಳಗೆ ಸಣ್ಣ ಅಕ್ಷರದಲ್ಲಿ ಡಿಡಿಯೂ ನಡೆಯುತ್ತದೆ ಎಂದಿತ್ತು. ಬ್ಯಾಂಕಿನವರು ಕನ್ನಡಕ ಮೇಲೆತ್ತಿ, "ಚಿತ್ರಕ್ಕ ಡಿಡಿ ತಗಸ್ತೀರೇನ್ರಿ ಟೀಚರ್?" ಅಂದರು. "ಯಾಕ್ರಿ, ಬೋರವೆಲ್ಲಿಗೆ ಅಷ್ಟ ಕೊಡ್ತೀರೇನು?" ಅಂದೆ. ಡಿಡಿ ಬರೆದುಕೊಟ್ಟರು.

ಇಪ್ಪತ್ತು ದಿನಕ್ಕೆ ಗೋಕಾಕದ ಕೊರಿಯರ್ ಆಫೀಸಿಗೆ ಬಂತು. ಹಳ್ಳಿಗೆ ಬರುವುದಿಲ್ಲವಂತೆ, ನಾನೇ ಹೋಗಿ ತಂದೆ. ಉದ್ದನೆಯ ರಟ್ಟಿನ ಕೊಳವೆ. ಬಸ್ಸಿನ ಕಂಡಕ್ಟರ್, "ಪೈಪ್ ಮ್ಯಾಲ ಹಾಕ್ರಿ" ಅಂದ. "ಪೈಪಲ್ಲ, ನಮ್ಮವರು" ಎಂದು ತೊಡೆಯ ಮೇಲೇ ಇಟ್ಟುಕೊಂಡೆ. ಕಟ್ಟು ಹಾಕಿಸಲು ಮೂಡಲಗಿಯಲ್ಲಿ ಕೊಟ್ಟರೆ, ಫ್ರೇಮಿನವನು ಚಿತ್ರ ಬಿಡಿಸಿ ನೋಡಿ ಮುಖ ಸಣ್ಣದು ಮಾಡಿಕೊಂಡ. "ಯಾವಾಗ ತೀರಕೊಂಡಾರ್ರಿ? ಕೆಳಗ ಹುಟ್ಟಿದ್ದು, ಹೋದದ್ದು ಬರೀಬೇಕಲ್ರಿ. ಹಾರಕ್ಕ ಮೊಳೀನೂ ಹೊಡೀತೇನಿ."

"ಯಾರೂ ಸತ್ತಿಲ್ರಿ. ಬರೇ ಚಿತ್ರ ಹಾಕ್ರಿ."

"ಸತ್ತಿಲ್ಲಂದ್ರ ಕಟ್ಟ ಯಾಕ ಹಾಕಸ್ತೀರಿ?" ಅಂದ ಪುಣ್ಯಾತ್ಮ.

ಕ್ಯಾಲೆಂಡರು ತೆಗೆದು ಅಪ್ಪನ ಬಾಜೂಕ್ಕೆ ಅವಳನ್ನು ಹಾಕಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಹಳ ಹೊತ್ತು ನೋಡಿದಳು. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. "ಈಕಿ ಕುರಿಗೆ ಬೆನ್ನ ಮಾಡಿ ನಿಂತಾಳಲ್ಲ, ತೋಳ ಬಂದ್ರ ಏನ ಮಾಡ್ತಾಳ?" ಅಂದಳು. ಆಮೇಲೆ ಮೆಲ್ಲಗೆ, "ಹಿಂಗ ಕೋಲಿನ ಮ್ಯಾಲ ಗದ್ದಾ ಇಟ್ರ ನಿಂತಲ್ಲೇ ನಿದ್ದಿ ಬರ್ತೈತಿ. ನೀ ಸಣ್ಣಾಕಿ ಇದ್ದಾಗ ನನಗ ಅದ ನಿದ್ದಿ" ಅಂದಳು.

ಕಾಕಾ ಹೊಲದಿಂದ ಬಂದು ನೋಡಿದ. "ಕುರಿ ಬಿಟ್ಟು ಎಷ್ಟ ವರ್ಷ ಆತು, ಮತ್ತ ತಂದು ಮನ್ಯಾಗ ಕಟ್ಟಿದೇನು?"

"ಇವು ಹೊಟ್ಟ ತಿನ್ನೂದಿಲ್ಲ, ಹಿಕ್ಕಿ ಹಾಕೂದಿಲ್ಲ. ನಿಮಗೇನ ತ್ರಾಸ ಕಾಕಾ?"

ಅವನು ಟವೆಲ್ ಕೊಡವಿ ಒಳಗೆ ಹೋದ. ಆದರೆ ಯಾರಾದರೂ ದೊಡ್ಡವರು ಬರುತ್ತಾರೆಂದರೆ ಚಿತ್ರ ಇಳಿದು ಜೋಳದ ಚೀಲದ ಹಿಂದೆ ಹೋಗುತ್ತಿತ್ತು. ಅವರು ಹೋದೊಡನೆ ನಾನು ತಿರುಗಿ ಹಾಕುತ್ತಿದ್ದೆ. ಹೀಗೆ ನಾಲ್ಕೈದು ಸಲ ಆಯಿತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಸ್ವಭಾವದ ಅವ್ವ ಇಬ್ಬರ ಕಡೆಯೂ ಸೇರಲಿಲ್ಲ.

ಕೊನೆಗೆ ಹುಕ್ಕೇರಿ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ನಮ್ಮ ಮಂದಿಯೇ, ಆದರೆ ಮೂರು ತಲೆಮಾರಿನಿಂದ ಕುರಿ ಮುಟ್ಟದವರು, ದೊಡ್ಡ ಕಬ್ಬಿನ ತೋಟದವರು. ಅವರು ಬರುವ ದಿನ ಮುಂಜಾನೆ ಎದ್ದರೆ ಗೋಡೆ ಖಾಲಿ. ಚೀಲದ ಹಿಂದಿನಿಂದ ಚಿತ್ರ ತೆಗೆದು ಪಡಸಾಲೆಗೆ ತಂದೆ. ಕಾಕಾ ಅಡ್ಡ ನಿಂತ. "ಇವತ್ತೊಂದ ದಿನ ಬಿಡ. ಕುರಿ ಕಾಯೂ ಮಂದಿ ಅಂತ ಬೋರ್ಡ್ ಹಾಕೋಬೇಕೇನು?"

"ಏರಿದ ಏಣಿ ಒದೀಬಾರ್ದಂತ ನನಗ ಹೇಳಿಕೊಟ್ಟಾವ್ರು ನೀವ. ಇದು ಗ್ವಾಡಿ ಮ್ಯಾಲ ಇರದಿದ್ರ ನಾ ಹೊರಗ ಬರೂದಿಲ್ಲ. ನೀವ ಸೀರಿ ಉಟ್ಟ ಕುಂದರ್ರಿ."

"ಬಿಡ ಯವ್ವಾ, ಒಂದ ದಿನದ ಮಾತ" ಅಂದಳು ಅವ್ವ.

"ಒಂದ ದಿನದ್ದಲ್ಲಬೇ, ಹನ್ನೊಂದ ವರ್ಷದ ಮಾತ!" ಎಂದು ಕೂಗಿದೆ. ಅವ್ವ ನನ್ನ ಮುಖ ನೋಡಿ ಒಳಗೆ ಹೋದಳು. ಹೊರಗೆ ಜೀಪಿನ ಸದ್ದಾಯಿತು. ಕಾಕಾ ಹಲ್ಲು ಕಚ್ಚಿಕೊಂಡು ಸರಿದ. ನಾನು ಮೊಳೆಗೆ ಹಾಕಿದೆ.

ಬಂದವರು ಐದು ಮಂದಿ. ನಾನು ಅವಲಕ್ಕಿ ತಟ್ಟೆ ಇಟ್ಟು ಚಾಪೆಯ ಮೇಲೆ ಕೂತೆ. ಕಾಕಾ ಕಬ್ಬಿನ ಇಳುವರಿ ಹೇಳುತ್ತ ಚಿತ್ರಕ್ಕೆ ಅಡ್ಡವಾಗುವಂತೆ ಅತ್ತಿತ್ತ ವಾಲುತ್ತಿದ್ದ. ಹುಡುಗನ ಅಜ್ಜಿಗೆ ಕಣ್ಣು ಮಂಜು. ಅವರ ದೃಷ್ಟಿ ಅಪ್ಪನ ಫೋಟೋದಿಂದ ಪಕ್ಕಕ್ಕೆ ಸರಿಯಿತು, ಕೈ ತಾನಾಗಿಯೇ ಮುಗಿಯಿತು. "ಇವರು ಹುಡುಗಿ ಅವ್ವಾ ಏನ್ರಿ? ಪಾಪ, ತೀರಕೊಂಡು ಎಷ್ಟ ವರ್ಷ ಆತ್ರಿ?"

ಕಾಕಾನ ಮುಖ ಸುಣ್ಣವಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯ ಕಡೆಯಿಂದ ಕಪ್ಪುಗಳ ಸದ್ದಾಯಿತು.

ಗಂಡ ಸತ್ತವಳೆಂದು ಇಂಥ ಹೊತ್ತಿನಲ್ಲಿ ಅವ್ವ ಎಂದೂ ಅಡಿಗೆಮನೆಯ ಹೊಸ್ತಿಲು ದಾಟಿದವಳಲ್ಲ. ಚಹಾ ತರಬೇಕಾದವಳು ನಾನು. ಅಂದು ಅವಳೇ ಚಹಾ ಕಪ್ಪುಗಳ ಪರಾತ ಹಿಡಿದು ಬಂದಳು, ತಲೆಯ ಮೇಲೆ ಸೆರಗು, ಬೆನ್ನು ನೆಟ್ಟಗೆ. ನೇರ ಆ ಅಜ್ಜಿಯ ಎದುರು ಹೋಗಿ ಬಗ್ಗಿದಳು.

"ಸತ್ತಿಲ್ರಿ ಎವ್ವಾ. ಕುರಿ ಕಾಯ್ದು ಈ ಮನಿ ಕಟ್ಟ್ಯಾಳ. ಈಗ ಚಾ ತಂದಾಳ, ತಗೋರ್ರಿ."